ಪ್ಲೈವುಡ್ ಆಚೆಯ ರಷ್ಯಾ

ನಾನು ಕನ್ನಡ ಓದಲು ಕಲಿತದ್ದು ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಬಾಡಿಗೆ ಮನೆಯಲ್ಲಿ, ರಷ್ಯಾದ ಒಂದು ಕಾದಂಬರಿಯಿಂದ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ಶಾಲೆಗೆ ನಾನು ಹೋದದ್ದು ಐದನೇ ತರಗತಿಯವರೆಗೆ, ಅದೂ ಇಂಗ್ಲಿಷಿನಲ್ಲಿ, ಅದೂ ಕೊನೆಯ ಬೆಂಚಿನಲ್ಲಿ. ಅಮ್ಮ ನಮ್ಮ ಕಟ್ಟಡದ ಸುತ್ತಲಿನ ಬ್ಯಾಚುಲರ್‌ಗಳಿಗೆ ಟಿಫಿನ್ ಮಾಡಿ ಕಳಿಸುತ್ತಿದ್ದಳು. ಅವಳಿಗೆ ಬೆನ್ನುನೋವು ಶುರುವಾದ ವರ್ಷ ಅಡುಗೆಮನೆಗೆ ಇನ್ನೊಂದು ಜೊತೆ ಕೈ ಬೇಕಾಯಿತು. ನನ್ನ ಯೂನಿಫಾರ್ಮು ಸ್ಟವ್ ಒರೆಸುವ ಬಟ್ಟೆಯಾಯಿತು. ನಿಜ ಹೇಳಬೇಕೆಂದರೆ ಆಗ ನನಗೆ ದುಃಖವೇನೂ ಆಗಲಿಲ್ಲ. ಈರುಳ್ಳಿ ಹೆಚ್ಚುವುದು ಭಾಗಾಕಾರ ಮಾಡುವುದಕ್ಕಿಂತ ಸುಲಭ, ಹೆಚ್ಚಿದ್ದು ಕಣ್ಣಿಗೆ ಕಾಣುತ್ತದೆ.

ಮನೆ ಎಂದರೆ ಒಂದು ಬೆಡ್‌ರೂಮು, ಒಂದು ಅಡುಗೆಮನೆ, ಮತ್ತು ಅರ್ಧ ಹಾಲು. ಹಾಲಿನ ಉಳಿದರ್ಧ ಇಸ್ಮಾಯಿಲ್ ಕಾಕಾನದು. ಭಟ್ಕಳದವರು, ಅಪ್ಪನಿಗಿಂತ ಹಿರಿಯರು, ಅಲ್ ಮೀನಾದ ಮಾರ್ಕೆಟ್ಟಿನಲ್ಲಿ ಕಾರ್ಪೆಟ್ ಅಂಗಡಿ ಇಟ್ಟಿದ್ದರು. ಮನೆಯವರು ಊರಿನಲ್ಲಿದ್ದರು. ಅವರ ಮನೆಮಾತು ನವಾಯತಿ, ನಮ್ಮೊಡನೆ ಮಾತ್ರ ಕನ್ನಡ. ಅವರಿಗೂ ನಮಗೂ ನಡುವೆ ಅಪ್ಪನೇ ನಿಂತು ಮಾಡಿಸಿದ ಪ್ಲೈವುಡ್ ಪಾರ್ಟಿಷನ್ ಇತ್ತು, ಅವರಿಗೆ ಕಾರಿಡಾರಿಗೆ ಬೇರೆ ಬಾಗಿಲು. ಇಡೀ ಹಾಲಿಗೆ ಇದ್ದದ್ದು ಒಂದೇ ಕಿಟಕಿ ಎಸಿ, ಅದು ಅವರ ಭಾಗದಲ್ಲಿ. ತಂಪು ನಮ್ಮ ಕಡೆಗೂ ಬರಲಿ ಎಂದು ಅಪ್ಪ ಪ್ಲೈವುಡ್ಡನ್ನು ಚಾವಣಿಯವರೆಗೆ ಏರಿಸದೆ ಮೇಲೆ ಒಂದು ಮೊಳ ಸಂದು ಬಿಡಿಸಿದ್ದ. ಆ ಸಂದಿನಿಂದ ತಂಪು ಈಚೆಗೆ ಬರುತ್ತಿತ್ತು, ನಮ್ಮ ಮಾತು, ಜಗಳ, ಮೀನಿನ ಒಗ್ಗರಣೆ ಆಚೆಗೆ ಹೋಗುತ್ತಿತ್ತು. ಮಾತಿನ ವಿಷಯ ನಮಗೆ ತಡವಾಗಿ ತಿಳಿಯಿತು.

ಅಕ್ಕ ನಮ್ಮೊಡನೆ ಬೆಳೆದವಳಲ್ಲ. ಬೈಂದೂರಿನಲ್ಲಿ ಅಜ್ಜಿಯ ಹತ್ತಿರ ಇದ್ದು, ಕನ್ನಡ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ನಮ್ಮ ಹತ್ತಿರ ಬಂದಳು. ಅವಳ ಸೂಟ್‌ಕೇಸು ತೆರೆದಾಗ ಕುಚ್ಚಲಕ್ಕಿ, ಹಪ್ಪಳ, ಮಿಡಿಉಪ್ಪಿನಕಾಯಿ ಹುಡುಕುತ್ತಿದ್ದ ಅಮ್ಮನ ಕೈಗೆ ಸಿಕ್ಕಿದ್ದು ಮೂರು ದಪ್ಪ ಪುಸ್ತಕ. ಊರು ಬಿಟ್ಟು ಹೋಗುತ್ತಿದ್ದ ಕನ್ನಡ ಟೀಚರು ಕೊಟ್ಟದ್ದಂತೆ. ಒಂದೇ ಕಾದಂಬರಿಯ ಮೂರು ಸಂಪುಟ.

"ಕುಚ್ಲಕ್ಕಿ ತಾ ಅಂದ್ರೆ ಮೂರ್ ಇಟ್ಗಿ ತಂದಿದ್ಯಲ್ಲೆ ಮಾರಾಯ್ತಿ. ಇದನ್ನೇನ್ ಬೇಯ್ಸಿ ತಿಂಬುದಾ?"

ಮೊದಲ ಸಂಪುಟದ ರಟ್ಟು, ಹೆಸರಿನ ಹಾಳೆ ಎರಡೂ ಹೋಗಿದ್ದವು. ನಮ್ಮ ಮನೆಯಲ್ಲಿ ಆ ಪುಸ್ತಕಕ್ಕೆ ಹೆಸರೇ ಇರಲಿಲ್ಲ. 'ರಷ್ಯಾ' ಎನ್ನುತ್ತಿದ್ದೆವು. ರಷ್ಯಾ ಎಲ್ಲಿಟ್ಟೆ, ರಷ್ಯಾದ ಮೇಲೆ ಲೋಟ ಇಡಬೇಡ, ಇವತ್ತು ರಷ್ಯಾ ಇಲ್ಲ, ತಲೆನೋವು. ಮಧ್ಯಾಹ್ನ ಟಿಫಿನ್ ಕ್ಯಾರಿಯರುಗಳೆಲ್ಲ ಹೊರಟುಹೋದ ಮೇಲೆ ನಾವು ಮೂವರು ಹಾಲಿನಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. ಅಮ್ಮ ಮರುದಿನದ ಅಕ್ಕಿ ಆರಿಸುವಳು, ನಾನು ಬೀನ್ಸ್ ನಾರು ತೆಗೆಯುವೆ, ಅಕ್ಕ ಗೋಡೆಗೆ ಒರಗಿ ಗಟ್ಟಿಯಾಗಿ ಓದುವಳು. ಅವಳ ಎದುರಿಗೆ ನನ್ನ ಜಾಗ. ಹೀಗಾಗಿ ನಾನು ಅಕ್ಷರಗಳನ್ನು ಮೊದಲು ಕಂಡದ್ದು ತಲೆಕೆಳಗಾಗಿ. ಅವಳ ಬೆರಳು ಸಾಲಿನ ಕೆಳಗೆ ಸರಿಯುತ್ತಿತ್ತು, ಬಾಯಿಂದ ಮಾತು ಬರುತ್ತಿತ್ತು, ಎರಡನ್ನೂ ನಾನು ಒಂದು ಕಣ್ಣು ಬೀನ್ಸಿನ ಮೇಲಿಟ್ಟು ಜೋಡಿಸುತ್ತ ಹೋದೆ. ಪುಸ್ತಕ ನೇರ ಹಿಡಿದು ಓದಲು ಬಂದದ್ದು ಆಮೇಲೆ. ಇವತ್ತಿಗೂ ವೀಸಾ ಅರ್ಜಿ ತುಂಬಿಕೊಡುವ ಯಾವ ಟೈಪಿಂಗ್ ಸೆಂಟರಿನಲ್ಲಿ ಕೂತರೂ ಮೇಜಿನ ಆಚೆಯವರು ಏನು ಬರೆಯುತ್ತಿದ್ದಾರೆಂದು ನಾನು ಈಚೆಯಿಂದಲೇ ಓದಬಲ್ಲೆ.

ಕತೆ ಒಂದು ನದಿಯ ಪಕ್ಕದ ಊರಿನದು. ಹಿಟ್ಟಿನ ಗಿರಣಿ ನಡೆಸುವ ಒಬ್ಬ ವಿಧವೆ, ಗಿರಣಿ ತನ್ನದೆಂದು ಕೋರ್ಟಿಗೆ ಹೋದ ಅವಳ ಮೈದುನ, ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದ ಒಬ್ಬ ಲೆಫ್ಟಿನೆಂಟ್, ಕಾಲುನೋವಿನ ಪಾದ್ರಿ. ಇಷ್ಟೇ ಎಂದುಕೊಂಡರೆ ಮೋಸ. ಪಾದ್ರಿಯ ತಂಗಿ, ತಂಗಿಯ ನಾದಿನಿ, ನಾದಿನಿಯ ಕುದುರೆಗಾಡಿಯವನು, ಎಲ್ಲರಿಗೂ ಉದ್ದುದ್ದ ಹೆಸರು, ಒಬ್ಬೊಬ್ಬರಿಗೆ ಮೂರು ಮೂರು. ಸಿಟ್ಟು ಬಂದಾಗ ಒಂದು, ಮುದ್ದು ಬಂದಾಗ ಒಂದು. ಅಕ್ಕನಿಗೇ ನಾಲಿಗೆ ತೊಡರುತ್ತಿತ್ತು. ಅಮ್ಮ ಇದಕ್ಕೆ ನಮ್ಮ ಕಟ್ಟಡದ ಪದ್ಧತಿಯನ್ನೇ ತಂದಳು. ನಮ್ಮಲ್ಲಿ ಯಾರನ್ನೂ ಹೆಸರಿನಿಂದ ಕರೆಯುತ್ತಿರಲಿಲ್ಲ, ಎಸಿ ಶೆಟ್ರು, ಮೂರನೇ ಮಾಳಿಗೆ ಟೀಚರು, ನೀರಿನ ಟ್ಯಾಂಕರ್ ಪಠಾಣ. ಹಾಗೆಯೇ ರಷ್ಯಾದವರೂ ಗಿರಣಿ ಅಮ್ಮ, ಕೋರ್ಟಿನ ಮೈದುನ, ಕಾಲಿನ ಪಾದ್ರಿ ಆದರು. ಆದರೂ ಒಂದು ಮಧ್ಯಾಹ್ನ ದೊಡ್ಡ ಗೊಂದಲವಾಯಿತು. ಲೆಫ್ಟಿನೆಂಟನ ಹೆಸರಿನ ಹಿಂದೆ ಇನ್ನೊಂದು ಹೆಸರು ಬಂತು. ಇಬ್ಬರು ಬಂದರೋ ಒಬ್ಬನೇ ಬಂದನೋ ಎಂದು ಅಕ್ಕ, ಅಮ್ಮ ವಾದಕ್ಕಿಳಿದರು. ಆಗ ಪ್ಲೈವುಡ್ ಮೇಲಿನ ಸಂದಿನಿಂದ ಗಂಡುಧ್ವನಿ ಕೇಳಿಸಿತು.

"ಇಬ್ರಲ್ಲ ಮಗಳೇ, ಒಬ್ಬನೇ. ಹಿಂದಿನದ್ದು ಅವನ ಅಪ್ಪನ ಹೆಸರು. ಇಲ್ಲಿ ನನ್ನ ಅರಬಾಬು, ಅಂಗಡಿಯ ಅರಬ್ ಧಣಿ, ಅವನ ಹೆಸರೂ ಹಾಗೇ ಅಲ್ವಾ? ಅಪ್ಪನ ಹೆಸರು ಸೇರ್ಸಿ ಕರದ್ರೆ ಮರ್ಯಾದೆ."

ಅಮ್ಮ ಸೆರಗು ಸರಿಮಾಡಿಕೊಂಡಳು, ನಡುವೆ ಗೋಡೆ ಇದ್ದರೂ. ಅಂಗಡಿಗಳು ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುವ ಊರು ಇದು. ಆ ಬಿಡುವಿನಲ್ಲಿ ಕಾಕಾ ಬಂದು ಮಲಗುತ್ತಾರೆಂದು ನಮಗೆ ಗೊತ್ತಿತ್ತು, ಮಲಗದೆ ಮೊದಲಿನಿಂದಲೂ ಕೇಳುತ್ತಿದ್ದಾರೆಂದು ಗೊತ್ತಿರಲಿಲ್ಲ. ಅಂದಿನಿಂದ ಅವರೂ ಓದಿನ ಪಾಲುದಾರರಾದರು. ಅಕ್ಕ ನಿಲ್ಲಿಸಿದರೆ ಪ್ಲೈವುಡ್ ಮೇಲೆ ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿಯುತ್ತಿದ್ದರು. ಮುಂದೆ ಓದು ಎಂದು ಅರ್ಥ.

ಇಂಥ ಪುಸ್ತಕದ ಕಷ್ಟಗಳನ್ನು ನಾನು ಬಲ್ಲೆ, ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಊಟದ ಮೇಜಿಗೆ ಕೂತವರು ಎದ್ದೇಳುವುದಿಲ್ಲ. ಕತೆ ಬಿಸಿಯಾಗಿದೆ ಎನ್ನುವಾಗ ಬರೆದವನು ಅದನ್ನು ಹಾಗೇ ಬಿಟ್ಟು ದೇವರಿದ್ದಾನೋ ಇಲ್ಲವೋ ಎಂದು ಶುರುಮಾಡುತ್ತಾನೆ. ನಮ್ಮದರಲ್ಲಿ ಗಿರಣಿಯ ಕಲ್ಲನ್ನು ಹೇಗೆ ಕೆತ್ತಬೇಕು ಎಂಬುದಕ್ಕೇ ಒಂದು ಇಡೀ ಅಧ್ಯಾಯವಿತ್ತು. ಅಕ್ಕ ಅದರ ಮಧ್ಯೆ ಸದ್ದಿಲ್ಲದೆ ನಾಲ್ಕಾರು ಹಾಳೆ ಒಟ್ಟಿಗೆ ಮಗುಚಿದಳು. ಕೂಡಲೇ ಬಡಿತ.

"ಹಾರಿಸ್ಬೇಡ ಮಗಳೇ. ಹಾಳೆ ಸದ್ದು ಕೇಳ್ತದೆ ನಂಗೆ. ಕಾರ್ಪೆಟ್ ನೇಯುವವ ಒಂದು ಸಾಲು ಬಿಟ್ರೆ ಅಲ್ಲಿ ಕಾಣುದಿಲ್ಲ, ಮೂಲೆಗೆ ಬಂದಾಗ ಸೊಟ್ಟ ಕಾಣ್ತದೆ."

ಅಕ್ಕ ಹಲ್ಲು ಕಚ್ಚಿ ಹಿಂದಕ್ಕೆ ಹೋಗಿ ಓದಿದಳು. ಕಾಕಾ ಹೇಳಿದ್ದು ಸರಿಯಾಗಿತ್ತು. ಎರಡನೇ ಸಂಪುಟದಲ್ಲಿ ಗಿರಣಿ ಕಲ್ಲು ಒಡೆದದ್ದು ಯಾರ ಕೆಲಸ ಎಂದು ಗೊತ್ತಾದದ್ದು ಆ ಅಧ್ಯಾಯ ಕೇಳಿದ್ದರಿಂದಲೇ. ಅಂದು ಮಧ್ಯಾಹ್ನ ಪ್ಲೈವುಡ್ಡಿನ ಎರಡೂ ಕಡೆ ಒಟ್ಟಿಗೇ 'ಹಾಂ' ಎಂಬ ಉಸಿರು ಬಂತು. ಆ 'ಹಾಂ' ಬೇಕೆಂದರೆ ಕಲ್ಲು ಕೆತ್ತುವ ಅಧ್ಯಾಯವನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು, ಬೇರೆ ದಾರಿಯಿಲ್ಲ. ದೊಡ್ಡ ಪುಸ್ತಕ ಓದುವುದು ಎಂದರೆ ಒಂದು ಕಟ್ಟಡದಲ್ಲಿ ವರ್ಷಗಟ್ಟಲೆ ಬಾಡಿಗೆಗೆ ಇದ್ದಂತೆ. ಮೊದಲ ತಿಂಗಳು ಲಿಫ್ಟಿನಲ್ಲಿ ಯಾರು ಯಾರೆಂದು ತಿಳಿಯುವುದಿಲ್ಲ. ಆಮೇಲೆ ಯಾರ ಮನೆಯ ಕುಕ್ಕರ್ ಕೂಗಿತೆಂದು ಸದ್ದಿನಲ್ಲೇ ಗೊತ್ತಾಗುತ್ತದೆ.

ಸುಖವೋ, ಅದನ್ನು ಹೇಗೆ ಹೇಳಲಿ. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗುವಷ್ಟು ಬಿಸಿಲು, ಒಳಗೆ ಅಕ್ಕನ ಬಾಯಲ್ಲಿ ಹಿಮ ಬೀಳುತ್ತಿತ್ತು. ನಾವು ಯಾರೂ ಹಿಮ ಕಂಡವರಲ್ಲ. ನಾನು ಫ್ರೀಜರಿನ ಬಾಗಿಲು ತೆರೆದು ಮುಖವಿಟ್ಟು ಗಿರಣಿ ಅಮ್ಮ ಹೀಗೆಯೇ ಉಸಿರುಬಿಡುತ್ತಾಳೆಂದು ಆಡುತ್ತಿದ್ದೆ. ಅಮ್ಮ ಅಕ್ಷರ ಕಲಿಯದವಳು, ಆದರೆ ಆ ಊರಿನ ಎಲ್ಲರ ತಪ್ಪನ್ನೂ ತೀರ್ಪು ಮಾಡುವಳು. ಗಿರಣಿ ಅಮ್ಮನಿಗೂ ಲೆಫ್ಟಿನೆಂಟನಿಗೂ ಏನೋ ಇದೆ ಎಂದು ಅನುಮಾನ ಹುಟ್ಟಿದ ದಿನ ಅವಳು ಅಕ್ಕಿಯ ತಟ್ಟೆ ಕುಟ್ಟಿ ಹೇಳಿದಳು:

"ಹೆಂಗ್ಸಿದ್ದ ಮನೆಗೆ ಬಾಡಿಗೆಯವನನ್ ಸೇರ್ಸಿದ್ದೇ ತಪ್ಪು."

ಪ್ಲೈವುಡ್ ಆಚೆ ಕಾಕಾ ಕೆಮ್ಮಿದರು. ಅಮ್ಮ ನಾಲಿಗೆ ಕಚ್ಚಿಕೊಂಡಳು. ಅಂದು ಸಂಜೆ ಅವರಿಗೆ ಒಂದು ತಟ್ಟೆ ನೀರುದೋಸೆ ಹೋಯಿತು.

ಎರಡನೇ ಸಂಪುಟ ಮುಗಿಯುವ ಹೊತ್ತಿಗೆ ಅಕ್ಕನಿಗೆ ಬೈಂದೂರಿನಲ್ಲೇ ಗಂಡು ಗೊತ್ತಾಯಿತು. ಕತೆ ನಿಂತದ್ದು ಎಂಥ ಕಡೆ ಎಂದರೆ, ಕೋರ್ಟು ನಾಳೆ ತೀರ್ಪು ಕೊಡುತ್ತದೆ, ಯುದ್ಧಕ್ಕೆ ಹೋಗಿದ್ದ ಲೆಫ್ಟಿನೆಂಟ್ ಹಿಮದಲ್ಲಿ ನಡೆದು ಬಂದು ಗಿರಣಿಯ ಬಾಗಿಲ ಮುಂದೆ ನಿಂತಿದ್ದಾನೆ. ಪೆಟ್ಟಿಗೆ ಕಟ್ಟುವಾಗ ಅತ್ತೆಮನೆಯವರಿಗೆ ಕೊಡುವ ಸಾಮಾನಿನಿಂದಲೇ ತೂಕ ಮೀರಿತ್ತು. ಅಕ್ಕ ಮೂರನೆಯದನ್ನು ಸೀರೆಗಳ ನಡುವೆ ಇಟ್ಟಳು, ಅಮ್ಮ ತೆಗೆದಳು, ಅಕ್ಕ ಮತ್ತೆ ಇಟ್ಟಳು, ಅಮ್ಮ ಮತ್ತೆ ತೆಗೆದಳು. ಹೊರಡುವಾಗ ಅಕ್ಕ ಅದನ್ನು ನನ್ನ ಕೈಗೆ ಕೊಟ್ಟು ಹೇಳಿದಳು:

"ಊರಿಗೆ ಯಾರ್ ಮೊದ್ಲು ಹೋಗ್ತಾರೋ ಅವ್ರ ಕೈಯಲ್ಲಿ ಕಳ್ಸು ಕುಸು. ಮರೀಬೇಡ."

ಊರಿಗೆ ಹೋಗುವವರ ಕೈಯಲ್ಲಿ ಕಳಿಸುವುದು ಎಂದರೆ ಏನೆಂದು ಇಲ್ಲಿ ಬದುಕಿದವರಿಗೆ ಗೊತ್ತು. ಯಾರಿಗೆ ರಜೆ ಸಿಕ್ಕಿತೆಂದು ತಿಳಿದರೂ ಸಾಕು, ಅವರ ಬಾಗಿಲಿಗೆ ಕಟ್ಟುಗಳು ಬಂದು ಬೀಳುತ್ತಿದ್ದವು. ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದ ಸೋಪು, ಖರ್ಜೂರ, ಹಾಲಿನ ಪುಡಿ, ಯಾರದೋ ತಾಯಿಯ ಮಾತ್ರೆ. ಒಯ್ಯುವವನು ತನ್ನ ಮಕ್ಕಳ ಸಾಮಾನು ಬಿಟ್ಟರೂ ಬಿಟ್ಟಾನು, ಇನ್ನೊಬ್ಬರ ಕಟ್ಟು ಬಿಡುತ್ತಿರಲಿಲ್ಲ. ಅದು ಮುಟ್ಟಿದ ಮೇಲೆ ಊರಿನಿಂದ 'ತಲುಪಿತು' ಎಂಬ ಮಾತು ಬರಬೇಕು. ಆ ಒಂದು ಮಾತು ಬಂದರೆ ಮುಗಿಯಿತು. ಬಾರದಿದ್ದರೆ ಒಯ್ದವನ ಮುಖವನ್ನು ಜನ ಬೇರೆ ತರಹ ನೋಡುತ್ತಿದ್ದರು. ಇಸ್ಮಾಯಿಲ್ ಕಾಕಾನ ಕೈಯಲ್ಲಿ ಕೊಟ್ಟದ್ದು ತಲುಪದೆ ಇದ್ದದ್ದೇ ಇಲ್ಲ ಎನ್ನುವುದು ನಮ್ಮ ಇಡೀ ಕಟ್ಟಡದ ಮಾತು. ಅವರು ರಜೆಗೆ ಹೊರಟರೆ ಕಾರಿಡಾರಿನಲ್ಲಿ ಸಾಲು ನಿಲ್ಲುತ್ತಿತ್ತು.

ಅಕ್ಕ ಹೋದ ಮೇಲೆ ಮನೆ ಖಾಲಿಯಾಯಿತು. ಒಂದು ಮಧ್ಯಾಹ್ನ ನಾನು ಮೂರನೇ ಸಂಪುಟವನ್ನು, ನೇರ ಹಿಡಿದು, ಮೊದಲ ಹಾಳೆ ತೆರೆದೆ. ಬಾಗಿಲು ತಟ್ಟುತ್ತಾನೋ ಇಲ್ಲವೋ, ಅಷ್ಟು ಮಾತ್ರ ನೋಡಿ ಮುಚ್ಚುತ್ತೇನೆ ಎಂದುಕೊಂಡೆ. ಒಂದು ಹಾಳೆ ಮುಗಿಸಲು ಇಡೀ ಮಧ್ಯಾಹ್ನ ಹಿಡಿಯಿತು. ಒತ್ತಕ್ಷರ ಬಂದಲ್ಲೆಲ್ಲ ನಿಂತು, ಅಕ್ಕನ ಧ್ವನಿಯನ್ನು ನೆನೆದು, ಅದರ ಬೆನ್ನು ಹಿಡಿದು ಹೋಗಬೇಕು. ಅವನು ಇನ್ನೂ ಬಾಗಿಲ ಮುಂದೆಯೇ ನಿಂತಿದ್ದ. ಮರುದಿನ ಮತ್ತೊಂದು ಹಾಳೆ. ಶಾಲೆಯಲ್ಲಿ ಯಾವುದೂ ನನ್ನದಾಗಿರಲಿಲ್ಲ, ಮನೆಯಲ್ಲಿ ಟಿಫಿನ್ ಡಬ್ಬಿಗಳೂ ಇನ್ನೊಬ್ಬರವು. ಇದೊಂದು ನನ್ನದಾಗುತ್ತಿತ್ತು, ಒಂದೊಂದೇ ಸಾಲು. ಅಷ್ಟರಲ್ಲಿ ಕಾಕಾ ರಜೆಗೆ ಹೊರಟರು.

ಭಟ್ಕಳದಿಂದ ಬೈಂದೂರು ಪಕ್ಕದಲ್ಲೇ. ಅಮ್ಮ ಹಾಲಿನ ಪುಡಿ ಡಬ್ಬಿ, ಸೋಪು, ಒಂದು ಕ್ಯಾಸೆಟ್ ಕಟ್ಟಿದಳು. ಆಗ ನಾವು ಊರಿಗೆ ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಕಳಿಸುತ್ತಿದ್ದೆವು. ಅಮ್ಮನಿಗೆ ಬರೆಯಲು ಬಾರದು, ಫೋನಿಗೆ ಕೈ ಎಟುಕದು. ಪುಸ್ತಕವನ್ನೂ ಇದರೊಂದಿಗೆ ಕೊಡು ಎಂದು ನನಗೆ ಹೇಳಿ, ಕಾಕಾ ಅಂಗಡಿಯಲ್ಲಿದ್ದ ಹೊತ್ತಿನಲ್ಲಿ ಅಮ್ಮ ರೆಕಾರ್ಡರ್ ಒತ್ತಿದಳು, ಆರೋಗ್ಯ, ಅಡುಗೆ, ಅತ್ತೆಗೆ ತಗ್ಗಿ ನಡೆಯುವುದು ಎಲ್ಲ ಹೇಳಿ, ಅಕ್ಕ ಕೇಳುವ ಹೊತ್ತಿಗೆ ಕೊಟ್ಟಾಗಿರುತ್ತದೆಂದು, ಕೊನೆಗೆ ಪುಸ್ತಕ ಕಾಕಾನ ಕೈಯಲ್ಲಿ ಕೊಟ್ಟಿದ್ದೇವೆ ಎಂದೂ ಸೇರಿಸಿದಳು. ಆಮೇಲೆ ಮೈಕನ್ನು ನನ್ನ ಬಾಯಿಗೆ ಹಿಡಿದಳು. ನಾನು ಹೇಳಿದೆ:

"ಹೌದಕ್ಕ. ನಾನೇ ಕೊಟ್ಟೆ. ಕಾಕಾ ಪೆಟ್ಟಿಗೆಯೊಳಗೆ ಇಟ್ಕೊಂಡ್ರು."

ಹೇಳುವಾಗ ಪುಸ್ತಕ ಟಿಫಿನ್ ಕಪಾಟಿನ ಹಿಂದೆ ಇತ್ತು. ಮುಂದೆ ಹೋಗುವವರ ಕೈಯಲ್ಲಿ ಕಳಿಸಿದರಾಯಿತು, ಅಷ್ಟರೊಳಗೆ ಮುಗಿಯುತ್ತದೆ ಎಂದು ನನ್ನ ಲೆಕ್ಕ. ಕಟ್ಟನ್ನು ಕಾಕಾನ ಬಾಗಿಲಿಗೆ ಒಯ್ದು ಕೊಟ್ಟೆ. ಅವರು ತೂಗಿ ನೋಡಿ, ಇಷ್ಟೇನಾ ಎಂದು ಕೇಳಿದರು. ಇಷ್ಟೇ ಎಂದೆ.

ಕಾಕಾ ರಜೆ ಮುಗಿಸಿ ಬಂದ ಮರುದಿನ ಮಧ್ಯಾಹ್ನ ನಾನು ಒಬ್ಬಳೇ ಇದ್ದೆ. ಮೂರನೇ ಮಾಳಿಗೆ ಟೀಚರ ಮಗುವನ್ನು ನೋಡಿಕೊಳ್ಳಲು ಅಮ್ಮ ಆ ಹೊತ್ತಿನಲ್ಲಿ ಮೇಲೆ ಹೋಗತೊಡಗಿದ್ದಳು, ಅಪ್ಪ ತಾನು ಕೆಲಸ ಮಾಡುತ್ತಿದ್ದ ಕಂಪನಿಯ ಮೆಸ್ಸಿನಿಂದ ಬರುತ್ತಿದ್ದದ್ದು ಸಂಜೆಗೆ. ನಾನು ತುಟಿ ಮಾತ್ರ ಅಲ್ಲಾಡಿಸುತ್ತ ಓದುತ್ತಿದ್ದೆ. ಪ್ಲೈವುಡ್ ಮೇಲೆ ಎರಡು ಬಡಿತ ಕೇಳಿಸಿತು.

"ಜೋರಾಗಿ ಓದು ಮಗಳೇ. ಅವ ಬಾಗಿಲು ತಟ್ಟಿದನಾ?"

ನಾನು ಪುಸ್ತಕ ಮುಚ್ಚಿಬಿಟ್ಟೆ. ಹಾಳೆಯ ಸದ್ದು ಅವರಿಗೆ ಕೇಳುತ್ತದೆಂದು ಮರೆತೇಬಿಟ್ಟಿದ್ದೆ. ಯಾವ ಪುಸ್ತಕ, ಎಲ್ಲಿಂದ ಬಂತು, ಅವರು ಏನೂ ಕೇಳಲಿಲ್ಲ. ಇನ್ನೊಮ್ಮೆ ಬಡಿದರು. ನಾನು ಓದಿದೆ. ಮೊದಲ ದಿನ ಒಂದು ಸಾಲಿಗೆ ಎರಡು ಸಲ ಎಡವಿದೆ. ಅವರು ಕಾದರು. ಅವರಷ್ಟು ತಾಳ್ಮೆಯಿಂದ ನನ್ನನ್ನು ಯಾವ ಮೇಷ್ಟ್ರೂ ಕಾದಿಲ್ಲ. ಆ ಚಳಿಗಾಲ, ಮುಂದಿನ ಬೇಸಗೆ, ನಾನು ಮೂರನೇ ಸಂಪುಟವನ್ನು ಗೋಡೆಗೆ ಓದಿದೆ. ಒಂದೂ ಹಾಳೆ ಹಾರಿಸದೆ ಓದಿದೆ. ಮುಗಿಯುವ ಹೊತ್ತಿಗೆ ನನ್ನ ನಾಲಿಗೆ ಸಲೀಸಾಗಿತ್ತು. ಕೊನೆಯ ಸಾಲಾದ ಮೇಲೆ ಆಚೆಯಿಂದ ಬಂದದ್ದು ಒಂದೇ ಒಂದು ಮಾತು. 'ಖಲಾಸ್'. ಅಂಗಡಿ ತೆರೆಯಲು ಎದ್ದು ಹೋದರು.

ಆದರೆ ಆ ವರ್ಷವೇ ನಾನು ಇನ್ನೊಂದನ್ನು ನೋಡಿದೆ. ಕಾಕಾನ ಕೈಯಲ್ಲಿ ಕೊಟ್ಟ ಪುಸ್ತಕ ತಲುಪಲಿಲ್ಲ ಎಂದಷ್ಟೇ ಹೇಳಿದ ಅಕ್ಕನ ಕ್ಯಾಸೆಟ್ ಬಂತು. ಅಮ್ಮ ಅದನ್ನು ಟೀಚರಿಗೆ ಹೇಳಿದಳು, ಟೀಚರು ಶೆಟ್ರಿಗೆ. ಮುಂದಿನ ಸಲ ಕಾಕಾ ಊರಿಗೆ ಹೊರಟಾಗ ಕಾರಿಡಾರಿನಲ್ಲಿ ಯಾರೂ ನಿಂತಿರಲಿಲ್ಲ. ಅವರು ತಮ್ಮ ಒಂದೇ ಪೆಟ್ಟಿಗೆ ಎತ್ತಿಕೊಂಡು ಲಿಫ್ಟಿನ ಕಡೆ ನಡೆದದ್ದನ್ನು ನಾನು ಬಾಗಿಲ ಸಂದಿನಿಂದ ಕಂಡೆ. ಬಾಯಿ ತೆರೆದರೆ ಸಾಕಿತ್ತು. ಪುಸ್ತಕ ಕಳಿಸಿದರೆ ಸುಳ್ಳು ಬಯಲಾಗುತ್ತದೆ, ಆದ್ದರಿಂದ ಪುಸ್ತಕವೂ ಹೋಗಲಿಲ್ಲ, ಮಾತೂ ಹೋಗಲಿಲ್ಲ. ಕಟ್ಟಡ ಕೆಡವಿದರು, ಅಪ್ಪ ಅಮ್ಮ ತೀರಿಕೊಂಡರು, ನಾನು ಮದುವೆಯಾಗಿ ದುಬೈಗೆ ಬಂದೆ. ಭಟ್ಕಳದಲ್ಲಿ ಕಾಕಾ ಹೋದರೆಂದೂ ಕೇಳಿದೆ. ಮೂರನೇ ಸಂಪುಟ ನನ್ನೊಂದಿಗೆ ಮನೆಯಿಂದ ಮನೆಗೆ ಬಂತು. ಎಷ್ಟೋ ಸಲ ಓದಿದ್ದೇನೆ. ಓದುವಾಗ ಸುಖ, ಮುಚ್ಚಿಟ್ಟಾಗ ಕಾರಿಡಾರು ನೆನಪಾಗುತ್ತದೆ.

ಈ ಚಳಿಗಾಲ ಅಕ್ಕ ವಿಸಿಟ್ ವೀಸಾದಲ್ಲಿ ಡಿಸ್ಕವರಿ ಗಾರ್ಡನ್ಸಿನ ನಮ್ಮ ಮನೆಗೆ ಬಂದಳು. ಭಾವ ತೀರಿಕೊಂಡು ಕೆಲವು ವರ್ಷವಾಗಿದೆ. ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು, ಈಗ ಸಣ್ಣ ಅಕ್ಷರವೂ ಕಾಣುತ್ತದೆ ಎಂದು ಹಾಲಿನ ಪ್ಯಾಕೆಟ್ ಮೇಲಿನದ್ದನ್ನೂ ಓದಿ ತೋರಿಸುವಳು. ಬಾಲ್ಕನಿಯಲ್ಲಿ ಕೂತು, ಮನೆಯಲ್ಲಿ ಓದಲಿಕ್ಕೆ ಏನಾದರೂ ಇದೆಯಾ ಎಂದು ಕೇಳಿದಳು. ನನ್ನ ಮಗಳು ತನ್ನ ಟ್ಯಾಬ್ ಕೊಡಲು ಬಂದಳು. ನಾನು ಒಳಗೆ ಹೋಗಿ ಪುಸ್ತಕ ತಂದು ಅಕ್ಕನ ಮಡಿಲಲ್ಲಿ ಇಟ್ಟೆ. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಎಲ್ಲಿ ಸಿಕ್ಕಿತು ಮಾರಾಯ್ತಿ ಎಂದು ಮುಖ ಅರಳಿಸಿದಳು. ಎಲ್ಲಿಯೂ ಸಿಕ್ಕಿದ್ದಲ್ಲ, ಕಳೆದೇ ಇರಲಿಲ್ಲ, ಕೊಟ್ಟೇ ಇರಲಿಲ್ಲ ಎಂದು ಹೇಳಿದೆ. ಅವಳು ಪುಸ್ತಕದ ಮೇಲಿಂದ ಕೈ ತೆಗೆದಳು.

"ಅವ್ರೇ ಒಪ್ಕೊಂಡಿದ್ರಲ್ಲೆ."

ಯಾರು ಎಂದೆ.

"ಕಾಕಾ. ಕ್ಯಾಸೆಟ್ಟನ್ನ ಅವ್ರೆದುರೇ ಹಾಕಿದ್ದು. ಅತ್ತೆ, ಭಾವ, ಪಕ್ಕದ ಮನೆಯವ್ರು ಎಲ್ಲ ಕೂತಿದ್ರು. ಅಮ್ಮ ಹೇಳಿದ್ಳು, ಮತ್ತೆ ನೀನ್ ಹೇಳ್ದೆ, ಪೆಟ್ಟಿಗೆಯೊಳಗೆ ಇಟ್ಕೊಂಡ್ರು ಅಂತ. ನಾನ್ ಅವ್ರ ಮುಖ ಕಂಡೆ. ಅವ್ರು ಸ್ವಲ್ಪ ಹೊತ್ತು ಆ ಟೇಪ್‌ರೆಕಾರ್ಡರನ್ನೇ ಕಾಣ್ತಾ ಇದ್ರು. ಆಮೇಲೆ, 'ಹೌದು ಮಗಳೇ, ಬೊಂಬಾಯಲ್ಲಿ ಬಸ್ ಹತ್ತುವಾಗ ನನ್ನ ಕೈಯಲ್ಲೇ ಕಳೀತು' ಅಂದ್ರು. ಅವ್ರೇ ಹೇಳಿದ್ ಮೇಲೆ ನಂಬದೆ ಎಂತ ಮಾಡುದು?"

ಕೆಳಗೆ ಡೆಲಿವರಿ ಬೈಕುಗಳು ಹೋಗುತ್ತಿದ್ದವು. ನಾನು ಅಷ್ಟು ವರ್ಷ ಹೊತ್ತದ್ದು ಒಂದು ಸುಳ್ಳಿನ ಭಾರ ಎಂದುಕೊಂಡಿದ್ದೆ. ಅದರ ದೊಡ್ಡ ಪಾಲನ್ನು ಇನ್ನೊಬ್ಬರು ಹೊತ್ತಿದ್ದರೆಂದು ತಿಳಿದದ್ದು ಆಗ. ಜೋರಾಗಿ ಓದು ಎಂದು ಬಡಿದ ದಿನ ಅವರಿಗೆ ಎಲ್ಲವೂ ಗೊತ್ತಿತ್ತು.

"ಒಲೆ ಮೇಲೆ ಚಾ ಕುದೀತಾ ಇತ್ತು, ಕುಸು. ನಾನ್ ಒಳಗೆ ಹೋದವ್ಳು ಹೊರಗೆ ಬರ್ಲೇ ಇಲ್ಲ. ಅವ್ರು ಚಾ ಇಲ್ದೆ ಎದ್ದು ಹೋದ್ರು."

ಆ ದಿನ, ಮರುದಿನ ಅಕ್ಕ ನನ್ನೊಡನೆ ಮಾತಾಡಲಿಲ್ಲ. ಪುಸ್ತಕ ಮೇಜಿನ ಮೇಲೆ ಇತ್ತು, ಮುಟ್ಟಲಿಲ್ಲ. ಮೂರನೆಯ ಬೆಳಿಗ್ಗೆ ಸೀರೆ ಉಟ್ಟು ಬಂದು, ಅವರ ಮನೆಯವರು ಯಾರಾದರೂ ಇಲ್ಲಿ ಇದ್ದಾರಾ ಎಂದು ಕೇಳಿದಳು. ಇದ್ದರು. ಮಗ ಜಾವೀದ್ ಅಲ್ ಮೀನಾದಲ್ಲಿ ಕಾರ್ಪೆಟ್ ಅಂಗಡಿ ನಡೆಸುತ್ತಾನೆಂದು ನನಗೆ ಯಾವಾಗಲೂ ಗೊತ್ತಿತ್ತು. ಆ ಕಡೆಗೆ ಹೋದಾಗೆಲ್ಲ ಮೀನು ಕೊಂಡು ಕಾರ್ಪೆಟ್ ಸಾಲಿನ ಹತ್ತಿರ ಸುಳಿಯದೆ ಬಂದವಳು ನಾನು. ನನ್ನ ಮಗಳು ಕಾರು ಓಡಿಸಿದಳು. ಅಬುಧಾಬಿ ಮುಟ್ಟುವವರೆಗೆ ಅಕ್ಕ ಕೈಚೀಲವನ್ನು ಎದೆಗೆ ಹಿಡಿದು ಕೂತಿದ್ದಳು.

ಜಾವೀದನಿಗೆ ಈಗ ತಲೆಗೂದಲು ಹಣ್ಣಾಗಿದೆ, ತಂದೆಯದೇ ಮೂಗು. ಗಿರಾಕಿಗಳೆಂದು ಒಂದು ಕಾರ್ಪೆಟ್ ಬಿಡಿಸತೊಡಗಿದ. ನಾವು ಯಾರೆಂದು ಹೇಳಿದ ಮೇಲೆ, ಟೂರಿಸ್ಟ್ ಕ್ಲಬ್ಬಿನ ಮನೆಯವರಾ, ಅಪ್ಪ ಹೇಳುತ್ತಿದ್ದರು ಎಂದು ಕುರ್ಚಿ ಎಳೆದ. ನಾನು ಅಕ್ಕನ ಕಡೆ ನೋಡಿದೆ.

"ನನ್ ಮುಖ ಎಂತಕ್ಕೆ ನೋಡ್ತೆ? ನೀನೇ ಹೇಳು."

ನಾನು ಹೇಳಿದೆ. ನಿಮ್ಮ ತಂದೆ ಯಾರ ಪುಸ್ತಕವನ್ನೂ ಕಳೆದಿಲ್ಲ, ನಾನು ಅವರ ಕೈಗೆ ಕೊಡಲೇ ಇಲ್ಲ, ಕೊಟ್ಟೆನೆಂದು ಸುಳ್ಳು ಹೇಳಿದೆ, ಅವರು ನನ್ನನ್ನು ಬಿಟ್ಟುಕೊಡಲಿಲ್ಲ. ಕನ್ನಡದಲ್ಲಿ ಇಷ್ಟು ಚಿಕ್ಕ ವಾಕ್ಯಗಳನ್ನು ಹೇಳಲು ಇಷ್ಟು ವರ್ಷ ಬೇಕಾಯಿತು. ಜಾವೀದ್ ಬಿಡಿಸಿದ್ದ ಕಾರ್ಪೆಟ್ಟನ್ನು ಮತ್ತೆ ಸುತ್ತತೊಡಗಿದ. ಪೂರಾ ಸುತ್ತಿ, ಗೋಡೆಗೆ ಒರಗಿಸಿ, ಆಮೇಲೆ ಮಾತಾಡಿದ.

"ಆಮೇಲೆ ಅಪ್ಪ ಯಾರ ಸಾಮಾನನ್ನೂ ಒಯ್ಲಿಲ್ಲ. ನಾವು ಕೇಳಿದ್ರೆ, 'ನನ್ನ ಕೈಯಲ್ಲಿ ಒಬ್ಬಳ ಪುಸ್ತಕ ಕಳೆದಿದೆ, ಬೇಡ' ಅಂತಿದ್ರು. ಮನೆಯಲ್ಲಿ ಕೂಡ ನಿಜ ಹೇಳ್ಲಿಲ್ಲ ನೋಡಿ. ನೀವೊಂದು ಮಾತು ಹೇಳ್ಬಹುದಿತ್ತು, ಅವ್ರು ಇದ್ದಾಗ."

ಹೇಳಬಹುದಿತ್ತು ಎಂದೆ. ಅವನು ಕ್ಷಮಿಸಿದೆ ಎನ್ನಲಿಲ್ಲ. ಎಲ್ಲಿಗೋ ಫೋನ್ ಮಾಡಿ ಚಹಾ ತರಿಸಿದ. ಅಕ್ಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಕುಡಿದಳು, ತಳದ ಸಕ್ಕರೆಯವರೆಗೆ. ಕುಡಿದಾದ ಮೇಲೆ ಕೈಚೀಲದಿಂದ ಹಳೆ ದಿನಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟಿದ, ಪುಸ್ತಕದ ಗಾತ್ರದ ಒಂದು ಕಟ್ಟು ತೆಗೆದಳು. ಅವಳದೇ ಅಕ್ಷರದಲ್ಲಿ, ಮಾರ್ಕರ್ ಪೆನ್ನಿನಲ್ಲಿ, ಅವಳದೇ ಹೆಸರು, ಬೈಂದೂರಿನ ವಿಳಾಸ ಬರೆದಿತ್ತು.

"ನೀವು ಊರಿಗೆ ಯಾವಾಗ ಹೋಪುದು?"

ಬರುವ ತಿಂಗಳು ಎಂದ ಜಾವೀದ್.

"ಹಾಗಾದ್ರೆ ಇದನ್ನ ನಮ್ಮ ಮನೆಗೆ ಮುಟ್ಟಿಸ್ಬೇಕಿತ್ತಲ್ಲ."

"ಅಕ್ಕ, ನೀವೇ ಈ ವಾರ ಹೋಗ್ತೀರಿ ಅಂದ್ರಿ?" ಎಂದ ಜಾವೀದ್.

"ನನ್ ಪೆಟ್ಟಿಗೆಯಲ್ಲಿ ಜಾಗ ಇಲ್ಲ. ಪೂರ್ತಿ ತುಂಬಿ ಹೋಗಿತ್ತು."

ಅವಳ ಪೆಟ್ಟಿಗೆ ಕಟ್ಟಿದವಳು ನಾನೇ. ಅರ್ಧ ಖಾಲಿಯಿತ್ತು. ಜಾವೀದ್ ಅವಳನ್ನು, ಆಮೇಲೆ ಕಟ್ಟನ್ನು ನೋಡಿದ. ಎದ್ದು ಬಂದು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅಂಗೈಯಲ್ಲಿ ತೂಗಿ, ಒಳಗಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ.

ಗಿರಣಿ ಯಾರಿಗೆ ಸೇರಿತು, ಅವನು ಬಾಗಿಲು ತಟ್ಟಿದನೋ ಇಲ್ಲವೋ, ನಾನು ಅಕ್ಕನಿಗೆ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ. ಹೋದ ಶುಕ್ರವಾರ ಮಧ್ಯಾಹ್ನ, ಹಳೆಯ ಓದಿನ ಹೊತ್ತಿಗೆ ಸರಿಯಾಗಿ, ಅಕ್ಕನ ವಾಯ್ಸ್ ಮೆಸೇಜ್ ಬಂತು. ಹಿಂದೆ ಕಾಗೆ ಕೂಗುತ್ತಿತ್ತು, ಲೋಟ ಇಟ್ಟ ಸದ್ದು ಕೇಳಿಸಿತು.

"ತಲುಪಿತು. ಜಾವೀದ್ ಬಂದು ಕೊಟ್ಟು ಹೋದ್ರು. ಬೆಲ್ಲ ನೀರು ಕೊಟ್ಟೆ, ಎರಡು ಸಲ ಚಾ ಕೊಟ್ಟೆ. ಇನ್ನು ಸ್ವಲ್ಪ ದಿನ ಫೋನ್ ಮಾಡ್ಬೇಡ. ಓದ್ತಾ ಇದ್ದೇನೆ."